ಚನ್ನಗಿರಿ ಬಿಟ್ಟು ಹೋಗುವಂತಿಲ್ಲ

ಚಾಂದ್ ಸಾಬರು ತಲೆ ಹಣ್ಣಾಗುವವರೆಗೂ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತದೆ ಬದುಕಿದವರು. ಸೊಸೆ ಬಂದ ಮೇಲೆ ಪ್ರತಿ ಸೋಮವಾರ ಹತ್ತಬೇಕಾಯಿತು.

"ಕಳ್ಳತನ ಮಾಡಿಲ್ಲ, ಯಾರ ತಲೆನೂ ಒಡ್ದಿಲ್ಲ. ಈ ವಯಸ್ಸಿನಾಗೆ ನನಗೆ ಇದೇನ್ ಗ್ರಹಚಾರ!" ಎನ್ನುತ್ತಾ ಅವರು ಟೋಪಿ ಹುಡುಕುವರು.

ಒಲೆಯ ಮುಂದಿನಿಂದ ಹೆಂಡತಿ ಮಜೀದಾ ಉತ್ತರ ಕೊಡುವಳು. "ನನ್ನ ಮುಂದೆ ಗೊಣಗಬ್ಯಾಡ್ರಿ. ಕರಾಚಿಯಿಂದ ಸೊಸೆ ತರಾಣ ಅಂತ ಕುಣಿದೋರು ಯಾರು?"

"ನಿನ್ನಣ್ಣನ ಮಗಳು. ಕುಣಿದಾಕೆ ನೀನು."

"ನಾನು ಕುಣಿದ್ರೆ ನೀವು ಹಿಡ್ಕಬೇಕಿತ್ತು."

ಮಜೀದಾಳ ಅಣ್ಣ ಇಬ್ರಾಹಿಂ ಮೀಸೆ ಮೂಡುವ ಮೊದಲೇ ಹತ್ತಿ ವ್ಯಾಪಾರಿಯೊಬ್ಬನ ಹಿಂದೆ ಮುಂಬೈಗೆ ಹೋಗಿ, ಅಲ್ಲಿಂದ ಹಡಗು ಹತ್ತಿ ಕರಾಚಿ ಸೇರಿದ್ದ. ಅವನು ಹೋದಾಗ ಅದು ದೂರದ ಒಂದು ಊರು, ಅಷ್ಟೆ. ಹಾಸಿಗೆ ಅಂಗಡಿ ಇಟ್ಟು ಕಾಲೂರುವಷ್ಟರಲ್ಲಿ ಅದು ಬೇರೆ ದೇಶವಾಗಿತ್ತು. ಎಂಬತ್ತನೇ ಇಸವಿಯ ಬೇಸಿಗೆಯಲ್ಲಿ ಅವನು ಮಗಳು ಶಗುಫ್ತಾಳನ್ನು ಕರೆದುಕೊಂಡು ಚನ್ನಗಿರಿಗೆ ಬಂದ. ತಂಗಿಯ ಮಗ ರಸೂಲನಿಗೆ ನಿಕಾಹ್ ಮಾಡಿಕೊಟ್ಟ. ಹುಟ್ಟಿದ ಊರಿನ ಮಂಡಕ್ಕಿ ಮೆಣಸಿನಕಾಯಿಯನ್ನು ಕಣ್ಣಲ್ಲಿ ನೀರು ಬರುವವರೆಗೆ ತಿಂದ. ಆಮೇಲೆ ಮಗಳ ತಲೆ ಸವರಿ ಹೊರಟುಹೋದ. ಶಗುಫ್ತಾ ಉಳಿದಳು.

ಅವಳಿಗೆ ಕೊಟ್ಟ ಕಾಗದದಲ್ಲಿ ಇರುವ ಸ್ಥಳ ಎಂದು ಬರೆದಿದ್ದುದು ಆಗ ಶಿವಮೊಗ್ಗ ಜಿಲ್ಲೆಗೆ ಸೇರಿದ್ದ ಚನ್ನಗಿರಿ ಒಂದೇ. ಅಪ್ಪಣೆ ಇಲ್ಲದೆ ಆ ಊರು ಬಿಡುವಂತಿಲ್ಲ, ವಾರಕ್ಕೊಮ್ಮೆ ಠಾಣೆಗೆ ಬಂದು ಮುಖ ತೋರಿಸಬೇಕು ಎಂದು ಹೆಡ್ ಕಾನ್‌ಸ್ಟೇಬಲ್ ಬೈಲಪ್ಪ ಮೊದಲ ದಿನವೇ ಹೇಳಿದ್ದ. ರಸೂಲ್ ಅಂಗಡಿಯಲ್ಲಿ ಹತ್ತಿ ಹಿಂಜುವ ಮಿಶಿನ್ ಬಿಟ್ಟು ಬರುವಂತಿರಲಿಲ್ಲ. ಹೆಂಗಸು ಒಬ್ಬಳೇ ಠಾಣೆಗೆ ಹೋಗುವುದು ಮಜೀದಾಳಿಗೆ ಒಪ್ಪಿಗೆಯಿರಲಿಲ್ಲ. ಹಾಗಾಗಿ ಆ ಕೆಲಸ ಚಾಂದ್ ಸಾಬರ ಕೊರಳಿಗೆ ಬಿತ್ತು.

ಪಿಂಜಾರರ ಆ ಮನೆಯಲ್ಲಿ ಆಡುವ ಮಾತು ಕನ್ನಡ. ಶಗುಫ್ತಾಳದು ಕರಾಚಿಯ ಉರ್ದು. ರಸೂಲನಿಗೆ ಉರ್ದು ಚೆನ್ನಾಗಿ ಬರುತ್ತಿತ್ತು, ಚಾಂದ್ ಸಾಬರಿಗೆ ಸಂತೆಗೆ ಬೇಕಾದಷ್ಟು ಬರುತ್ತಿತ್ತು, ಮಜೀದಾಳಿಗೆ ಅರ್ಧ ಅರ್ಥವಾಗಿ ಉಳಿದರ್ಧಕ್ಕೆ ಸಿಟ್ಟು ಬರುತ್ತಿತ್ತು.

"ಫುಪ್ಪೋ, ನಲ್ಲಿ ಮನೆಯೊಳಗೆ ಯಾಕಿಲ್ಲ?" ಎಂದು ಹುಡುಗಿ ಉರ್ದುವಿನಲ್ಲಿ ಕೇಳಿದರೆ ಅವಳು, "ಪುಪ್ಪು ಗಿಪ್ಪು ಬ್ಯಾಡ, ಅತ್ತೆ ಅನ್ನು. ನಿಮ್ಮಪ್ಪ ಹಾಕಿಸಿಕೊಟ್ಟು ಹೋಗಿದ್ರೆ ಒಳಗೇ ಇರ್ತಿತ್ತು," ಎನ್ನುವಳು.

ನಲ್ಲಿಯದೇ ಮೊದಲ ಜಗಳ. ಕರಾಚಿಯ ಮನೆಯಲ್ಲಿ ತಿರುಗಿಸಿದರೆ ನೀರು, ಹಚ್ಚಿದರೆ ಗ್ಯಾಸು. ಇಲ್ಲಿ ಬೀದಿ ನಲ್ಲಿಯ ಮುಂದೆ ಕೊಡ ಸಾಲಿಟ್ಟು ಕಾಯಬೇಕು, ಹೊಟ್ಟಿನ ಒಲೆ ಊದಬೇಕು. ಬೀದಿಯಲ್ಲಿ ಕೊಡ ಹಿಡಿದು ನಿಲ್ಲುವುದು ತನ್ನಿಂದಾಗದು ಎಂದು ಶಗುಫ್ತಾ ಹಟ ಹಿಡಿದಳು. ಆದರೆ ದಿನಾ ತಲೆಗೆ ನೀರು ಹಾಕಿಕೊಳ್ಳುವುದನ್ನು ಬಿಡಲಿಲ್ಲ. ಮಂಡಿನೋವಿನ ಮಜೀದಾ ಹೊತ್ತು ತಂದ ನೀರು ಮಧ್ಯಾಹ್ನಕ್ಕೆ ಮುಗಿಯುತ್ತಿತ್ತು.

"ಇದೇನ್ ತಲೆಯೋ ತೋಟವೋ! ದಿನಾ ನೀರು ಕಟ್ಟಾಕೆ!"

ಕೊನೆಗೆ ಪಕ್ಕದ ಮನೆಯ ಶಿವಗಂಗಮ್ಮ ಬಂದು, "ಬಾರೇ ಸಕ್ಕು, ನನ್ನ ಜೊತೆ ನಿಂತ್ಕೊ. ಯಾರು ಏನಂತಾರೆ ನಾನೂ ನೋಡ್ತೀನಿ," ಎಂದು ಕೈ ಹಿಡಿದು ಎಳೆದುಕೊಂಡು ಹೋದಳು. ಶಗುಫ್ತಾ ಎಂಬ ಹೆಸರು ಆ ಬೀದಿಯ ಯಾರ ನಾಲಿಗೆಗೂ ಹೊರಳದೆ ಅವಳು ಸಕ್ಕು ಆಗಿದ್ದಳು. ಅದು ಅವಳಿಗೆ ಚೂರೂ ಇಷ್ಟವಿರಲಿಲ್ಲ.

ಊಟದ್ದು ಇನ್ನೊಂದು. ಮುದ್ದೆ ಅವಳ ಗಂಟಲಲ್ಲಿ ಇಳಿಯಲಿಲ್ಲ. ರೇಷನ್ನಿನ ಗೋಧಿಯನ್ನೆಲ್ಲ ಬೀಸಿಸಿ ಕಾಗದದಂಥ ಚಪಾತಿ ಮಾಡಿ ತಿಂಗಳ ಗೋಧಿಯನ್ನು ವಾರದಲ್ಲಿ ಮುಗಿಸಿದಳು. ಹಾಲೆಲ್ಲ ಚಹಾಕ್ಕೆ ಸುರಿದಳು. ಸಂಜೆ ರಸೂಲನ ಟ್ರಾನ್ಸಿಸ್ಟರ್ ಕಿವಿಗೆ ಹಿಡಿದು ಕಿರ್‌ ಕಿರ್ ಸದ್ದಿನ ನಡುವೆ ಕರಾಚಿಯನ್ನು ಹುಡುಕುವಳು. ಮಜೀದಾ ಓಡಿಬಂದು ಅದರ ಕಿವಿ ತಿರುಗಿಸಿ ಆರಿಸುವಳು.

"ಯಾರಾದ್ರೂ ಕೇಳಿಸ್ಕಂಡ್ರೆ ಏನ್ ತಿಳ್ಕಂತಾರೆ?"

"ಹಾಡು ಕೇಳುತ್ತಿದ್ದೇನೆ, ಅಷ್ಟೇ."

"ಹಾಡು ಬೆಂಗಳೂರಿನಾಗೂ ಹಾಡ್ತಾರೆ. ಅದನ್ನ ಕೇಳು."

ಸೋಮವಾರ ಠಾಣೆಗೆ ಹೋಗುವ ದಾರಿಯಲ್ಲಿ ಚಾಂದ್ ಸಾಬರು ಕಂಡಕಂಡದ್ದರ ಹೆಸರು ಹೇಳಿಕೊಟ್ಟರು. ಎಮ್ಮೆ, ಚರಂಡಿ, ಸೊಸೈಟಿ, ಲಾರಿ. ನಡುನಡುವೆ ನಿಂತು ಕೆಮ್ಮುವರು. ಹತ್ತಿಯ ದೂಳು ಕುಡಿದು ಅವರ ಎದೆ ಎಂದೋ ಕೆಟ್ಟಿತ್ತು. ಉಳಿದ ಕನ್ನಡವನ್ನು ಶಗುಫ್ತಾ ಅತ್ತೆಯ ಬಾಯಿಂದ ಹೆಕ್ಕಿಕೊಂಡಳು. ಮಾವ ಏನಾದರೂ ಕೊಡಲು ಬಂದಾಗ, ಏನಾದರೂ ಹೇಳಲು ಬಂದಾಗ ಅತ್ತೆ ಒಂದು ಮಾತು ಹೇಳುತ್ತಾಳೆ, ಮಾವ ಸುಮ್ಮನಾಗುತ್ತಾರೆ. ಸಾಕು ಎನ್ನುವುದಕ್ಕೆ ಕನ್ನಡದಲ್ಲಿ ಹೀಗೆನ್ನುತ್ತಾರೆ ಎಂದು ಅವಳು ತಿಳಿದುಕೊಂಡಳು.

ಒಂದು ಸೋಮವಾರ ಬೈಲಪ್ಪ ಒಳ್ಳೆಯ ಮನಸ್ಸಿನಲ್ಲಿದ್ದ. "ಟೀ ಕುಡೀತೀಯೇನಮ್ಮಾ?" ಎಂದು ಕೇಳಿದ.

ಶಗುಫ್ತಾ ಸೆರಗು ಸರಿಮಾಡಿಕೊಂಡು, ಬಹಳ ವಿನಯದಿಂದ, "ಬ್ಯಾಡ್ರಿ, ನಿಮ್ಮ ಬಾಯಿಗೆ ಮಣ್ಣು ಹಾಕ," ಅಂದಳು.

ಬೈಲಪ್ಪನ ಪೆನ್ನು ನಿಂತಿತು. ಮೂಲೆಯಲ್ಲಿದ್ದ ಪೇದೆ ಬೀಡಿ ಬಾಯಿಂದ ತೆಗೆದ. ಚಾಂದ್ ಸಾಬರು ಎರಡೂ ಕೈ ಜೋಡಿಸಿದರು. "ಸ್ವಾಮಿ, ಇದು ಆಕೆ ಮಾತಲ್ರಿ. ನನ್ನ ಹೆಂಡ್ತಿ ಮಾತು. ಈ ಹುಡುಗಿಗೆ ಅರ್ಥ ಗೊತ್ತಿಲ್ಲ."

ಬೈಲಪ್ಪ ಇಬ್ಬರನ್ನೂ ನೋಡಿದ. "ಇರ್ಲಿ ಬಿಡ್ರಿ ಸಾಬ್ರೇ," ಅಂದ. "ನಮ್ಮ ಮನೆಯಾಗೂ ಇದೇ ಭಾಷೆ."

ಹೀಗೆ ಕಷ್ಟಪಟ್ಟು ದಿನ ತಳ್ಳುತ್ತಿರುವಾಗ ಜಗಳೂರಿನಿಂದ ಸುದ್ದಿ ಬಂತು. ಅಲ್ಲಿಗೆ ಕೊಟ್ಟಿದ್ದ ಮಗಳು ಹಜೀರಾ ಎರಡನೆಯದು ಗಂಡು ಹೆತ್ತಿದ್ದಳು. ಬರುವ ಭಾನುವಾರ ತೊಟ್ಟಿಲು. ತವರಿನವರೆಲ್ಲ ಬರಬೇಕು, ಕರಾಚಿಯ ಸೊಸೆಯಂತೂ ಬರಲೇಬೇಕು ಎಂದು ಹಜೀರಾಳ ಅತ್ತೆ ಹೇಳಿಕಳಿಸಿದ್ದರು. ಶಗುಫ್ತಾಳನ್ನು ನೋಡಲು ಬಿಳಿಚೋಡಿನಿಂದಲೂ ನೆಂಟರು ಬರುತ್ತಾರಂತೆ.

"ನಾನು ಬರುವಂತಿಲ್ಲ," ಅಂದಳು ಶಗುಫ್ತಾ. "ಜಗಳೂರು ಬೇರೆ ಜಿಲ್ಲೆ."

ಮಜೀದಾ ಚೀಲಕ್ಕೆ ಸೀರೆ ತುಂಬುತ್ತಿದ್ದವಳು ತಿರುಗಿದಳು. "ಬಸ್ಸಿನಾಗೆ ಕುಂತ್ರೆ ಮಧ್ಯಾಹ್ನದ ಊಟಕ್ಕೆ ಜಗಳೂರು. ಬುರ್ಖಾ ಹಾಕ್ಕಂಡು ಕುಂತ್ರೆ ನೀನು ಕರಾಚಿಯಾಕೆನೋ ತ್ಯಾವಣಿಗೆಯಾಕೆನೋ ಯಾವನಿಗೆ ಗೊತ್ತಾಗ್ತೈತೆ?"

ರಸೂಲ್ ನಡುವೆ ಬಂದ. "ಅವ್ವಾ, ಬೈಲಪ್ಪನ್ನ ಕೇಳಿದೆ. ಶಿವಮೊಗ್ಗಕ್ಕೆ ಅರ್ಜಿ ಹಾಕಬೇಕಂತೆ. ಭಾನುವಾರದೊಳಗೆ ಬರಲ್ಲಂತೆ."

"ನನ್ನ ಮಗಳ ಮನಿಗೆ ಹೋಗಾಕೆ ಶಿವಮೊಗ್ಗದೋರನ್ನ ಯಾಕೆ ಕೇಳಬೇಕು? ಅವ್ರು ಮುಯ್ಯಿ ಮಾಡ್ತಾರಾ?"

"ಕರಾಚಿಯ ನಮ್ಮ ಓಣಿಯಿಂದ ಈ ದೇಶಕ್ಕೆ ಮದುವೆಯಾಗಿ ಬಂದ ಹುಡುಗಿಯೊಬ್ಬಳು ಹೀಗೇ ಅಪ್ಪಣೆಯಿಲ್ಲದೆ ಬೇರೆ ಊರಿಗೆ ಹೋಗಿ ಸಿಕ್ಕಿಬಿದ್ದಳು," ಅಂದಳು ಶಗುಫ್ತಾ. "ಅವಳನ್ನು ವಾಪಸ್ ಕಳಿಸಿದರು. ಗಂಡ ಇಲ್ಲಿ, ಅವಳು ಅಲ್ಲಿ. ನನ್ನನ್ನೂ ಕಳಿಸಿದರೆ?"

"ಕಳಿಸಿದ್ರೆ ಹೋಗು! ನಾನೇನ್ ಕಟ್ಟಿ ಹಾಕೀನಾ?"

ಈ ಮಾತು ಹುಡುಗಿಗೆ ಪೂರ್ತಿ ಅರ್ಥವಾಯಿತು. ಎದ್ದು ಒಳಗೆ ಹೋದಳು.

ಅಂದಿನಿಂದ ಅತ್ತೆ ಸೊಸೆ ಮಾತು ಬಿಟ್ಟರು. ಒಂದೇ ಒಲೆಯಲ್ಲಿ ಎರಡು ಅಡಿಗೆಯಾಯಿತು. ಮಜೀದಾ ಮುದ್ದೆ ತಿರುವಿ ಮಗನ ಮುಂದಿಡುವಳು, ಅದು ಮುಗಿಯುವುದರೊಳಗೆ ಶಗುಫ್ತಾ ಚಪಾತಿ ತಂದಿಡುವಳು. ಯಾವುದನ್ನು ಬಿಟ್ಟರೂ ಕಷ್ಟವೆಂದು ರಸೂಲ್ ಎರಡನ್ನೂ ಉಂಡು, ಅಂಗಡಿಯಲ್ಲಿ ಹತ್ತಿಯ ರಾಶಿಗೆ ಒರಗಿ ತೂಕಡಿಸುವನು.

ಭಾನುವಾರ ಬೆಳಗಿನ ಬಸ್ಸಿಗೆ ತಾಯಿ ಮಗ ಇಬ್ಬರೇ ಹೊರಟರು. ಸೋಮವಾರ ಠಾಣೆಗೆ ಕರೆದೊಯ್ಯಲು ಚಾಂದ್ ಸಾಬರು ಉಳಿದರು. ಹೊಸಿಲು ದಾಟುವಾಗ ಮಜೀದಾ ಸೊಸೆಗೆ ಕೇಳಿಸುವಂತೆ ಗೋಡೆಗೆ ಹೇಳಿದಳು. "ಬೀಗರ ಮುಂದೆ ನನ್ನ ತಲೆ ತಗ್ಗಿಸಿದ್ಲು. ಆಗ್ಲಿ."

ಸೋಮವಾರ ಠಾಣೆಯಿಂದ ಬಂದ ಚಾಂದ್ ಸಾಬರಿಗೆ ಬೈಯುವವರಿಲ್ಲದ ಮನೆ ನೋಡಿ ಹುರುಪು ಬಂತು. ಅಟ್ಟದ ಮೇಲಿದ್ದ ಹಳೆಯ ಹಿಂಜುವ ಬಿಲ್ಲು ಇಳಿಸಿದರು. ಮೊಮ್ಮಗನಿಗೆ ಮಿಶಿನ್ನಿನ ಹತ್ತಿ ಬೇಡ, ತಮ್ಮ ಕೈಯಲ್ಲೇ ಹಿಂಜಿ ಒಂದು ಮೆತ್ತನೆ ಹಾಸಿಗೆ ಮಾಡುವುದು ಅವರ ಆಸೆ. ಡಾಕ್ಟರು ಬೇಡ ಎಂದದ್ದನ್ನು ಶಗುಫ್ತಾಳಿಗೆ ಯಾರೂ ಹೇಳಿರಲಿಲ್ಲ. ಅವಳು ಚಹಾ ಮಾಡಿ ತರುವಷ್ಟರಲ್ಲಿ ಪಡಸಾಲೆಯ ತುಂಬ ದೂಳು. ಅದರ ನಡುವೆ ಮಾವ ನೆಲಕ್ಕೆ ಎರಡೂ ಕೈ ಊರಿ ಬಾಯಿ ಬಿಡುತ್ತಿದ್ದರು. ತುಟಿ ನೀಲಿಯಾಗಿತ್ತು.

"ಶಿವಗಂಗಮ್ಮಾ!" ಅವಳು ಬೀದಿಗೆ ಓಡಿದಳು. "ಮಾವ! ಮಾವ!"

ಬೀದಿಯ ಡಾಕ್ಟರು ಬಂದು ಇಂಜೆಕ್ಷನ್ ಕೊಟ್ಟರು. ನಾಡಿ ಹಿಡಿದು ಕೂತವರು ತಲೆಯಾಡಿಸಿ, "ಇಲ್ಲಿ ಆಗಲ್ಲ. ಆಕ್ಸಿಜನ್ ಬೇಕು. ದಾವಣಗೆರೆಗೆ ಕರ್ಕೊಂಡ್ ಹೋಗ್ರಿ, ತಡ ಮಾಡಬ್ಯಾಡ್ರಿ," ಅಂದರು.

ಶಿವಗಂಗಮ್ಮನ ಗಂಡ ಷಣ್ಮುಖಪ್ಪನ ಅಡಿಕೆ ಮಂಡಿಯ ವ್ಯಾನು ಬಂತು. ಡ್ರೈವರ್ ತಿಪ್ಪೇಶಪ್ಪ ಚಾಂದ್ ಸಾಬರನ್ನು ಮಗುವಿನ ಹಾಗೆ ಎತ್ತಿ ಹಿಂದೆ ಗೋಣಿಚೀಲಗಳಿಗೆ ಒರಗಿಸಿದ.

"ನೀನು ಮನೆಯಾಗಿರು ಸಕ್ಕು," ಅಂದಳು ಶಿವಗಂಗಮ್ಮ. "ದಾವಣಗೆರೆನೂ ಬೇರೆ ಜಿಲ್ಲೆನೇ. ತಿಪ್ಪೇಶಿ ನೋಡ್ಕೊಂತಾನೆ. ನಾನು ಜಗಳೂರಿಗೆ ಫೋನ್ ಮಾಡಿಸ್ತೀನಿ."

ಚಾಂದ್ ಸಾಬರೂ ಕೈ ಅಲ್ಲಾಡಿಸಿದರು. "ಬ್ಯಾಡ... ನೀ ಬ್ಯಾಡ..." ಒಂದೊಂದು ಮಾತಿಗೂ ಎದೆ ತಿದಿಯ ಹಾಗೆ ಸದ್ದು ಮಾಡುತ್ತಿತ್ತು.

ಶಗುಫ್ತಾ ವ್ಯಾನು ಹತ್ತಿ, ಅವರ ಬೆನ್ನಿನ ಹಿಂದೆ ಕೂತು ಎತ್ತಿ ಹಿಡಿದಳು. "ನಡಿ," ಅಂದಳು ತಿಪ್ಪೇಶಪ್ಪನಿಗೆ.

ಠಾಣೆ ಬಂದಾಗ, "ನಿಲ್ಸು!" ಎಂದು ಕೂಗಿ ಇಳಿದು ಒಳಗೆ ಓಡಿದಳು. ಬೈಲಪ್ಪ ಊಟದ ಡಬ್ಬಿ ಬಿಚ್ಚುತ್ತಿದ್ದ.

"ನಾನು ದಾವಣಗೆರೆ ಹೋಗ್ತೀನಿ. ಮಾವ ಸಾಯ್ತೈತೆ. ಬರ್ಕೊ!"

"ಏನಮ್ಮಾ ಇದು! ಹಂಗೆಲ್ಲ ಹೋಗಂಗಿಲ್ಲ. ಶಿವಮೊಗ್ಗದಿಂದ ಆರ್ಡರ್..."

"ಬರ್ಕೊ! ಬಂದ್ಮೇಲೆ ಜೈಲಿಗೆ ಹಾಕು!"

"ಏಯ್, ನಿಂತ್ಕೊಳಮ್ಮಾ!" ಎಂದು ಬೈಲಪ್ಪ ಬಾಗಿಲವರೆಗೆ ಹಿಂದೆ ಬಂದ. ವ್ಯಾನಿನಲ್ಲಿದ್ದ ಮುದುಕನ ಮುಖ ನೋಡಿ ಅವನ ಕೈ ಕೆಳಗಿಳಿಯಿತು. ವ್ಯಾನು ಕಣ್ಮರೆಯಾದ ಮೇಲೆ ಒಳಗೆ ಹೋಗಿ, ಇದ್ದದ್ದು ಇದ್ದ ಹಾಗೆ ಡೈರಿಯಲ್ಲಿ ಬರೆದ.

ಮಾರನೆಯ ದಿನ ಜಗಳೂರಿನಿಂದ ಮಜೀದಾ, ರಸೂಲ್ ನೇರವಾಗಿ ದಾವಣಗೆರೆಯ ಆಸ್ಪತ್ರೆಗೆ ಬಂದರು. ಚಾಂದ್ ಸಾಬರ ಮೂಗಿಗೆ ನಳಿಕೆ ಇತ್ತು, ಆದರೆ ಕಣ್ಣು ತೆರೆದಿದ್ದರು. ಮಂಚದ ಪಕ್ಕ ನೆಲದ ಮೇಲೆ ಶಗುಫ್ತಾ ಗೋಡೆಗೊರಗಿ ಕೂತಿದ್ದಳು. ಮಜೀದಾ ಗಂಡನ ಕಾಲು ಮುಟ್ಟಿ ನೋಡಿದಳು, ಎದೆ ಮುಟ್ಟಿ ನೋಡಿದಳು. ಉಸಿರಾಡುತ್ತಿದ್ದಾರೆಂದು ಖಾತ್ರಿಯಾದ ಮೇಲೆ ಸೊಸೆಯ ಕಡೆ ತಿರುಗಿದಳು.

"ಅಲ್ಲಾ, ನನ್ನ ಮೊಮ್ಮಗನ ತೊಟ್ಟಿಲಿಗೆ ಬಾ ಅಂದ್ರೆ ಕಾನೂನು ಹೇಳ್ದೆ. ಈ ಮುದುಕನ ಕೆಮ್ಮಿಗೆ ಜಿಲ್ಲೆ ದಾಟಿ ಬಂದ್ಯೇನೇ?"

ಮಂಚದಿಂದ ಸಣ್ಣ ದನಿ ಬಂತು. "ಆಕೆ ಬರದಿದ್ರೆ ನೀನು ಈಗ ಅಳ್ತಾ ಇರ್ತಿದ್ದೆ. ಬೈಯ್ತಾ ಇದ್ದೀಯಲ್ಲ, ಅದಕ್ಕೆ ಅಲ್ಲಾಗೆ ಶುಕುರ್ ಅನ್ನು."

ಮಜೀದಾ ಮೂಗು ಒರೆಸಿಕೊಂಡು ಕೆಳಗೆ ಕೂತಳು. ತೊಟ್ಟಿಲಿನ ಮನೆಯಿಂದ ಕಟ್ಟಿಕೊಟ್ಟಿದ್ದ ಡಬ್ಬಿ ಬಿಚ್ಚಿ ಸೊಸೆಯ ಮುಂದೆ ಕುಕ್ಕಿದಳು. "ತಿನ್ನು. ನಿನ್ನೆಯಿಂದ ಏನಾದ್ರೂ ತಿಂದೀಯೋ ಇಲ್ವೋ. ಮುಖ ನೋಡು, ಹಿಂಡಿದ ಬಟ್ಟೆ ಆದಂಗೆ ಆಗೈತೆ."

ಮನೆಗೆ ಬಂದ ಮೇಲೆ ನಿಜವಾದ ಕಾಟ ಶುರುವಾಯಿತು. ಅಪ್ಪಣೆಯಿಲ್ಲದೆ ಊರು ಬಿಟ್ಟದ್ದಕ್ಕೆ ಶಿವಮೊಗ್ಗದ ಕಚೇರಿಗೆ ಬಂದು ಉತ್ತರ ಹೇಳಬೇಕು, ತಪ್ಪಿದ್ದರೆ ದೇಶ ಬಿಡಬೇಕಾದೀತು ಎಂದು ನೋಟೀಸು ಬಂತು. ಮಜೀದಾ ಮೊದಲ ಸಲ ತಾನೇ ಠಾಣೆಗೆ ನುಗ್ಗಿದಳು.

"ಬರೀದೆ ಇದ್ದಿದ್ರೆ ನಿಮ್ಮ ಗಂಟೇನ್ ಹೋಗ್ತಿತ್ತು ಬೈಲಪ್ಪನೋರೇ?"

"ನಿನ್ನ ಸೊಸೆನೇ ಬರ್ಕೊ ಬರ್ಕೊ ಅಂತ ಎದೆ ಮೇಲೆ ಬಂದ್ಲಲ್ಲಮ್ಮ! ನಾನೇನ್ ಮಾಡ್ಲಿ?"

ಮಜೀದಾ ಮನೆಗೆ ಬಂದು ಸಿಕ್ಕವರ ಮೇಲೆಲ್ಲ ಸಿಟ್ಟು ತೀರಿಸಿಕೊಂಡಳು. ಚಾಂದ್ ಸಾಬರು ಹತ್ತಿ ಮುಟ್ಟುವಂತಿಲ್ಲದೆ ಇಡೀ ದಿನ ಮನೆಯಲ್ಲೇ ಕೂತು ಸಾರಿಗೆ ಉಪ್ಪು ಕಮ್ಮಿ, ಕಸ ಗುಡಿಸಿದ್ದು ಸಾಲದು ಎನ್ನುತ್ತಿದ್ದರು. ರಸೂಲ್ ಅಂಗಡಿ ಮುಚ್ಚಿ ವಕೀಲರ ಮನೆ ಸುತ್ತಿದ. ಶಗುಫ್ತಾ ತನ್ನ ಪೆಟ್ಟಿಗೆ ತೆಗೆದು ಬಟ್ಟೆ ಮಡಚಿಡುವುದನ್ನು ಕಂಡ ಮಜೀದಾ, ಅದನ್ನು ಕಾಲಿನಿಂದ ಮಂಚದ ಕೆಳಗೆ ತಳ್ಳಿದಳು.

"ಯಾರು ಹೇಳಿದ್ರು ಪೆಟ್ಟಿಗೆ ಕಟ್ಟು ಅಂತ?"

"ನೀವೇ ಹೇಳಿದ್ರಿ. ಕಳಿಸಿದ್ರೆ ಹೋಗು ಅಂತ." ಅವಳು ಕನ್ನಡದಲ್ಲೇ ಅಂದಳು.

ಮಜೀದಾ ಮೂಲೆಯ ಕೊಡಗಳ ಕಡೆ ಕೈ ತೋರಿಸಿದಳು. "ನಾನು ದಿನಕ್ಕೆ ಸಾವಿರ ಹೇಳ್ತೀನಿ. ಅದೊಂದೇ ಹಿಡ್ಕಂಡು ಕುಂತ್ಯಾ? ನಲ್ಲಿ ಬಂದೈತೆ, ಕೊಡ ತಗಂಡು ನಡಿ."

ಅಂದು ಮಧ್ಯಾಹ್ನ ಅವಳು ಸೊಸೆಗೆ ಅಧಿಕಾರಿಯ ಮುಂದೆ ಹೇಗಿರಬೇಕೆಂದು ಪಾಠ ಮಾಡಿದಳು. "ಹೋದ ಕೂಡ್ಲೆ ಅತ್ತುಬಿಡು. ತಪ್ಪಾತು ಅನ್ನು. ಗೊತ್ತಿರ್ಲಿಲ್ಲ ಅನ್ನು."

"ಗೊತ್ತಿತ್ತು."

"ಗೊತ್ತಿರ್ಲಿಲ್ಲ ಅನ್ನೇ!"

"ಸುಳ್ಳು ಆಗ್ತೈತೆ."

"ಯಪ್ಪಾ! ಇವಳನ್ನ ಹೆತ್ತೋನು ನಮ್ಮಣ್ಣನೇ ಹೌದು. ಅವನೂ ಹಿಂಗೇ, ಹೇಳಿದ್ದು ಕೇಳಿದ್ರೆ ಆ ಹಡಗು ಹತ್ತುತಿರ್ಲಿಲ್ಲ."

ಶಿವಮೊಗ್ಗದ ಕಚೇರಿಯಲ್ಲಿ ಅವರನ್ನು ಬೆಂಚಿನ ಮೇಲೆ ಬಹಳ ಹೊತ್ತು ಕೂರಿಸಿದರು. ಒಳಗೆ ಕರೆದಾಗ ಅಧಿಕಾರಿ ತಲೆಯೆತ್ತದೆ ಕೇಳಿದರು. "ಊರು ಬಿಡಬಾರದು ಅಂತ ಗೊತ್ತಿತ್ತಾ?"

ರಸೂಲ್ ಉರ್ದುವಿಗೆ ತಿರುಗಿಸಿ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಶಗುಫ್ತಾ, "ಗೊತ್ತಿತ್ರಿ," ಅಂದಳು.

ಅಧಿಕಾರಿ ತಲೆಯೆತ್ತಿದರು. "ಗೊತ್ತಿದ್ದೂ ಹೋದ್ರಾ?"

"ಹೂಂ ರೀ. ಮಾವಂಗೆ ಉಸ್ರು ಬರ್ತಿರ್ಲಿಲ್ಲ. ಅತ್ತೆ ಇರ್ಲಿಲ್ಲ, ಇವ್ರೂ ಇರ್ಲಿಲ್ಲ. ಮನಿಯಾಗೆ ನಾನೇ ಇದ್ದೆ."

"ಮುಂದೆ ಹೀಗೆ ಮಾಡ್ತೀರಾ?"

ಮಜೀದಾ ಹಿಂದಿನಿಂದ ತಿವಿದಳು. ಶಗುಫ್ತಾ ಅತ್ತೆಯ ಕೈ ಸರಿಸಿದಳು. "ಮಾವಂಗೆ ಮತ್ತೆ ಹಂಗೆ ಆದ್ರೆ..."

"ಇಲ್ಲ ಅನ್ನೇ!" ಮಜೀದಾ ತಡೆಯಲಾರದೆ ಕೂಗಿದಳು. "ಇಲ್ಲ ಸ್ವಾಮಿ, ಮಾಡಲ್ಲ. ಆಕೆಗೆ ಕನ್ನಡ ಬರಲ್ಲ."

"ಚೆನ್ನಾಗೇ ಬರ್ತದಲ್ಲಮ್ಮ," ಎಂದು ಅಧಿಕಾರಿ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಮುಂದೆ ಠಾಣೆಯ ಡೈರಿಯ ನಕಲು ಇತ್ತು, ಆಸ್ಪತ್ರೆಯ ಚೀಟಿ ಇತ್ತು. ಅವನ್ನು ಇನ್ನೊಮ್ಮೆ ಓದಿದರು. ಈ ಸಲಕ್ಕೆ ಎಚ್ಚರಿಕೆ ಕೊಟ್ಟು ಬಿಡುತ್ತೇನೆ, ಇರುವ ಅವಧಿಯನ್ನು ಒಂದು ವರ್ಷ ಮುಂದುವರಿಸಲು ಬರೆಯುತ್ತೇನೆ, ಇನ್ನೊಮ್ಮೆ ಹೀಗಾದರೆ ನನ್ನ ಕೈಯಲ್ಲಿ ಏನೂ ಇಲ್ಲ ಎಂದರು.

ಹೊರಗಿನ ಕೋಣೆಯಲ್ಲಿ ಗುಮಾಸ್ತ ಕಲ್ಲೇಶಪ್ಪ ಕಾಗದ ಸಿದ್ಧಮಾಡುತ್ತಾ ಗಟ್ಟಿಯಾಗಿ ಓದಿದ. "ಇರಲು ಅನುಮತಿಯಿರುವ ಸ್ಥಳ, ಚನ್ನಗಿರಿ."

"ಅಷ್ಟೇನಾ?" ಅಂದಳು ಮಜೀದಾ.

"ಇನ್ನೇನಮ್ಮ?"

"ಜಗಳೂರು ಬರ್ಕೊಳ್ರೀ. ಮಗಳು ಅದಾಳೆ. ಬಿಳಿಚೋಡು, ಬೀಗರ ಕಡೆಯೋರು. ಹೊನ್ನಾಳಿಯಾಗೆ ನನ್ನ ತಂಗಿ. ನ್ಯಾಮತಿಯಾಗೆ ನಮ್ಮೆಜಮಾನ್ರ ಅಕ್ಕ, ಆಕೆಗೆ ಕಾಲು ಬರಲ್ಲ, ನಾವೇ ಹೋಗಿ ನೋಡಬೇಕು. ದಾವಣಗೆರೆ ಅಂತೂ ಮೊದ್ಲು ಬರ್ಕೊಳ್ರೀ, ಆಸ್ಪತ್ರೆ ಐತೆ."

ಕಲ್ಲೇಶಪ್ಪ ಪೆನ್ನು ಕೆಳಗಿಟ್ಟ. "ಅಮ್ಮಾ, ಇದೇನು ಬಸ್ಸಿನ ಬೋರ್ಡಾ? ಅದಕ್ಕೆ ಬೇರೆ ಅರ್ಜಿ ಕೊಡಬೇಕು. ಒಂದೊಂದು ಊರಿಗೂ ಕಾರಣ ಬರೀಬೇಕು."

"ಕೊಡ್ರಿ ಕಾಗದ. ರಸೂಲ್, ಕುಂತ್ಕೊ, ಬರಿ."

ರಸೂಲ್ ಬೆಂಚಿನ ಮೇಲೆ ಮಂಡಿಯ ಮೇಲೆ ಕಾಗದ ಇಟ್ಟುಕೊಂಡ. ಶಗುಫ್ತಾ ಅತ್ತೆಯ ಸೆರಗು ಜಗ್ಗಿದಳು. "ಅತ್ತೆ, ಬ್ಯಾಡ. ಅಷ್ಟು ಊರು ನಾನು ಹೋಗಾಕೆ ಆಗಲ್ಲ. ನಂಗೆ ಬಸ್ಸಿನಾಗೆ ವಾಂತಿ ಬರ್ತೈತೆ."

"ಬಂದ್ರೆ ಕಿಟಕಿ ಪಕ್ಕ ಕುಂತ್ಕೊ."

"ನಾನು ಹೋಗಲ್ಲ ಅಂದ್ರೆ ಹೋಗಲ್ಲ."

"ನಿನ್ನ ಯಾರು ಕೇಳಿದ್ರು? ಸೊಸೆ ಅಂದ್ಮೇಲೆ ಎಲ್ಲರ ಮನಿಗೂ ಹೋಗಬೇಕು. ಸುಮ್ಕೆ ನಿಂತ್ಕೊ," ಎಂದು ಮಜೀದಾ ಮಗನ ಕಡೆ ಬಗ್ಗಿದಳು. "ಬಿಳಿಚೋಡು ಬರ್ದ್ಯೇನೋ?"